‘ಎ ಬಿಟ್ ಪಜಲ್ಡ್’ ಎಂದರೆ ಕೇಳುವವರಿಗೆ ಆಕ್ಷೇಪವಾಗಿ ತೋರುತ್ತದೆಯೇ?

ಪ್ರಶ್ನೆ:
ನಾನು ಇಂಗ್ಲಿಷಿಗೆ ಅನುವಾದಿಸಿದ ಲೇಖನವೊಂದನ್ನು ಇಂಗ್ಲೆಂಡಿನ ಸಂಪಾದಕರೊಬ್ಬರು ತಿದ್ದಿ ಕಳುಹಿಸಿದ್ದರು. ಅದರಲ್ಲಿ ಒಂದು ತಿದ್ದುಪಡಿಯ ಕಾರಣ ಹೊಳೆಯದೆ, ‘ಐ ಆಮ್ ಎ ಬಿಟ್ ಪಜಲ್ಡ್ ಬೈ ದಿಸ್ ಚೇಂಜ್’ ಎಂದು ಬರೆದೆ. ‘ಇದೇಕೋ ಸ್ವಲ್ಪ ತಿಳಿಯಲಿಲ್ಲ, ದಯವಿಟ್ಟು ವಿವರಿಸಿ’ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಅವರು ವಿವರಿಸುವ ಬದಲು ಕ್ಷಮೆ ಕೋರಿ, ತಿದ್ದುಪಡಿಯನ್ನೇ ಹಿಂತೆಗೆದುಕೊಂಡರು. ನನ್ನ ವಾಕ್ಯದಲ್ಲಿ ತಪ್ಪಿತ್ತೇ? ‘ನಾನ್‌ಪ್ಲಸ್ಡ್’ ಎಂದಿದ್ದರೆ ಸರಿಹೋಗುತ್ತಿತ್ತೇ?

ಮೊದಲ ಉತ್ತರ:
ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ‘ಪಜಲ್ಡ್ ಬೈ’, ‘ಪಜಲ್ಡ್ ಅಬೌಟ್’ ಎರಡೂ ರೂಢಿಯಲ್ಲಿವೆ. ತೊಡಕಿರುವುದು ‘ಎ ಬಿಟ್’ ಎಂಬುದರಲ್ಲಿ. ಬ್ರಿಟಿಷರ ಪತ್ರವ್ಯವಹಾರದಲ್ಲಿ ಅಸಮಾಧಾನವನ್ನು ನೇರವಾಗಿ ಹೇಳದೆ ತಗ್ಗಿಸಿ ಹೇಳುವ ಪದ್ಧತಿಯಿದೆ. ‘ಎ ಬಿಟ್’, ‘ಎ ಲಿಟಲ್’, ‘ಸ್ಲೈಟ್ಲಿ’ ಎಂಬ ಮಾತುಗಳು ಅಲ್ಲಿ ಅನೇಕ ವೇಳೆ ಭಾವದ ಪ್ರಮಾಣವನ್ನು ಅಳೆಯುವುದಿಲ್ಲ, ಅದರ ಮೊನಚನ್ನು ಮುಚ್ಚುತ್ತವೆ. ಆದ್ದರಿಂದ ‘ಸ್ವಲ್ಪ ಗೊಂದಲವಾಯಿತು’ ಎಂದು ನೀವು ಬರೆದದ್ದನ್ನು ಅವರು ‘ಹೀಗೇಕೆ ಮಾಡಿದಿರಿ?’ ಎಂದು ಓದಿಕೊಂಡಿರುವುದು ಸಂಭವನೀಯ. ಬರಿಯ ವಿವರಣೆ ಬೇಕಿದ್ದಲ್ಲಿ, ತಿಳಿಯದಿರುವುದು ನಿಮ್ಮ ಕಡೆಯದೆಂದು ತೋರುವಂತೆ ‘ಐ ಆಮ್ ನಾಟ್ ಶ್ಯೂರ್ ಐ ಅಂಡರ್‌ಸ್ಟ್ಯಾಂಡ್’ ಎಂದು ಆರಂಭಿಸಿ, ಮುಂದಿನ ವಾಕ್ಯದಲ್ಲೇ ಪ್ರಶ್ನೆಯನ್ನು ಕೇಳಿಬಿಡುವುದು ಮೇಲು. ಪ್ರಶ್ನೆಯಿಲ್ಲದೆ ಗೊಂದಲವನ್ನಷ್ಟೇ ತಿಳಿಸಿದರೆ ಅದು ದೂರಿನಂತೆ ಕೇಳಿಸುತ್ತದೆ.

ಎರಡನೆಯ ಉತ್ತರ:
‘ನಾನ್‌ಪ್ಲಸ್ಡ್’ ಬೇಡವೆಂದು ಒತ್ತಿ ಹೇಳುತ್ತೇನೆ. ‘ಇನ್ನು ಮುಂದಿಲ್ಲ’ ಎಂಬರ್ಥದ ಲ್ಯಾಟಿನ್ ‘ನಾನ್ ಪ್ಲಸ್’ನಿಂದ ಬಂದ ಆ ಪದಕ್ಕೆ, ಮಾತೇ ಹೊರಡದಷ್ಟು ತಬ್ಬಿಬ್ಬಾಗುವುದು ಎಂದರ್ಥ, ಅದು ನಿಮ್ಮ ಪ್ರಸಂಗಕ್ಕೆ ಬಹಳ ಹೆಚ್ಚಾಯಿತು. ಮೇಲಾಗಿ ಅಮೆರಿಕದಲ್ಲಿ ಅನೇಕರು ಅದನ್ನು ‘ಕದಲದ, ವಿಚಲಿತನಾಗದ’ ಎಂಬ ತದ್ವಿರುದ್ಧ ಅರ್ಥದಲ್ಲಿ ಬಳಸುತ್ತಾರೆ. ‘ಬೆಮ್ಯೂಸ್ಡ್’ ಎಂಬುದರ ಕಥೆಯೂ ಹೆಚ್ಚುಕಡಿಮೆ ಇಂಥದ್ದೇ: ಗೊಂದಲಗೊಂಡವನು ಎಂಬುದು ಹಳೆಯ ಅರ್ಥ, ಆದರೆ ‘ಅಮ್ಯೂಸ್ಡ್’ ಪದದ ನೆರಳು ಬಿದ್ದು, ಈಗ ಒಳಗೊಳಗೇ ನಗುತ್ತಿರುವವನು ಎಂದೂ ಆಗಿದೆ.

ಮೂರನೆಯ ಉತ್ತರ:
ಕನ್ನಡಿಗರಿಗೇ ಸಂಬಂಧಿಸಿದ ಒಂದು ಮಾತನ್ನು ಸೇರಿಸಬಯಸುತ್ತೇನೆ. ನಮ್ಮಲ್ಲಿ ಈ ಭಾವವನ್ನು ಅನುಭವಿಸುವವರು ಚತುರ್ಥಿ ವಿಭಕ್ತಿಯಲ್ಲಿ (‘-ಗೆ’) ನಿಲ್ಲುತ್ತಾರೆ: ‘ನನಗೆ ಗೊಂದಲವಾಯಿತು’, ‘ನನಗೆ ತೋಚಲಿಲ್ಲ’. ಗೊಂದಲ ನಮಗೆ ಆಗುವಂಥದ್ದು, ಅದರಲ್ಲಿ ಯಾರ ಕೈವಾಡವನ್ನೂ ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ‘ಪಜಲ್ಡ್ ಬೈ’ ಎಂದೊಡನೆ ಗೊಂದಲವನ್ನು ಉಂಟುಮಾಡಿದ ವಸ್ತುವೊಂದು ವಾಕ್ಯದೊಳಗೆ ಬಂದು ನಿಲ್ಲುತ್ತದೆ, ಮತ್ತು ಇಲ್ಲಿ ಆ ವಸ್ತು ಸಂಪಾದಕರ ಕೆಲಸವೇ ಆಗಿತ್ತು. ‘ನನಗೊಂದು ಸಂದೇಹವಿದೆ’ ಎಂಬುದನ್ನು ‘ಐ ಹ್ಯಾವ್ ಎ ಡೌಟ್’ ಎಂದು ಬರೆಯುವಾಗಲೂ ಇದೇ ಎಚ್ಚರ ಬೇಕು. ನಮ್ಮ ತರಗತಿಗಳಲ್ಲಿ ಅದು ಸಾಮಾನ್ಯ ಪ್ರಶ್ನೆ, ಆದರೆ ಇಂಗ್ಲೆಂಡಿನವರ ಕಿವಿಗೆ ಅದು ಅಪನಂಬಿಕೆಯಂತೆ ಕೇಳಬಹುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಅವರ ತಿದ್ದುಪಡಿ ಸರಿಯೇ ಇದ್ದಿರಬಹುದೆಂಬ ಕೊರಗು ನನ್ನನ್ನು ಕಾಡುತ್ತಿದೆ. ಆಕ್ಷೇಪಿಸುವುದು ನನ್ನ ಉದ್ದೇಶವಾಗಿರಲಿಲ್ಲವೆಂದು ತಿಳಿಸಿ, ಕಾರಣವನ್ನು ನೇರವಾಗಿ ಕೇಳಿ, ಇಂದೇ ಮತ್ತೆ ಬರೆಯುತ್ತೇನೆ.