ವ್ಯತ್ಯಾಸ ಒಂದೇ ಇದೆ, ಆದರೂ ನೇರ ಅನುಪಾತ ಅಲ್ಲವೇ?

ಪ್ರಶ್ನೆ (ಎಂಟನೇ ತರಗತಿ ಪೋಷಕರು):
ಎಕ್ಸ್: 1, 2, 3, 4. ವೈ: 7, 11, 15, 19. ಪ್ರತಿ ಸಲ ವೈ ನಾಲ್ಕು ಹೆಚ್ಚುತ್ತದೆ. ಮಗಳು ಅನುಪಾತದ ಸ್ಥಿರಾಂಕ ಕೆ = 4 ಅಂತ ಬರೆದಿದ್ದಾಳೆ. ಉತ್ತರದಲ್ಲಿ ‘ನೇರ ಅನುಪಾತದಲ್ಲಿಲ್ಲ’ ಎಂದಿದೆ. ಯಾಕೆ? ಇನ್ನೊಂದು: ಕೆಲವು ಲೆಕ್ಕದಲ್ಲಿ ಭಾಗಿಸಿ, ಕೆಲವದರಲ್ಲಿ ಗುಣಿಸಿ ಕೆ ತೆಗೆಯುತ್ತಾರಲ್ಲ, ಯಾವಾಗ ಯಾವುದು?

ಗಣಿತ ಮೇಷ್ಟ್ರು:
ವ್ಯತ್ಯಾಸ ಬಿಡಿ, ಒಂದೊಂದು ಜೋಡಿಯನ್ನೂ ಭಾಗಿಸಿ ನೋಡಿ: 7÷1 = 7, 11÷2 = 5.5, 15÷3 = 5, 19÷4 = 4.75. ನೇರ ಅನುಪಾತ ಆಗಬೇಕಾದರೆ ಈ ಭಾಗಲಬ್ಧ ಎಲ್ಲ ಜೋಡಿಗೂ ಒಂದೇ ಇರಬೇಕು, ಅದೇ ಕೆ. ಇಲ್ಲಿ ಬದಲಾಗುತ್ತಿದೆ, ಹಾಗಾಗಿ ಕೆ ಇಲ್ಲ. ಈ ಪಟ್ಟಿಯ ಸೂತ್ರ ವೈ = 4ಎಕ್ಸ್ + 3. ಎಕ್ಸ್ ಸೊನ್ನೆಯಾದರೂ ವೈ 3 ಇರುತ್ತದೆ. ನಕ್ಷೆ ಸರಳರೇಖೆಯೇ, ಆದರೆ ಮೂಲಬಿಂದುವಿನ ಮೂಲಕ ಹಾಯುವುದಿಲ್ಲ. ವೈಯಿಂದ 3 ಕಳೆದರೆ 4, 8, 12, 16 ಸಿಗುತ್ತದೆ. ನಿಮ್ಮ ಮಗಳ 4 ಇದಕ್ಕೆ ಸರಿಯಾದ ಕೆ. ಸ್ಪ್ರಿಂಗ್ ಪ್ರಯೋಗದಲ್ಲೂ ಇದೇ ಎಡವಟ್ಟು ಆಗುತ್ತದೆ: ತೂಕಕ್ಕೆ ಅನುಪಾತದಲ್ಲಿರುವುದು ಹಿಗ್ಗಿದ ಉದ್ದ, ಸ್ಪ್ರಿಂಗಿನ ಒಟ್ಟು ಉದ್ದ ಅಲ್ಲ.

ಬೆಂಗಳೂರು ಟ್ಯೂಷನ್:
ಆಟೊ ಮೀಟರಿನ ಲೆಕ್ಕ ಹಾಕಿಸಿ, ಬೇಗ ಹಿಡಿಯುತ್ತಾರೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂ., ಆಮೇಲೆ ಕಿ.ಮೀ.ಗೆ 18. ಐದು ಕಿ.ಮೀ.ಗೆ 90, ಹತ್ತಕ್ಕೆ 180. ಎರಡರಲ್ಲೂ ಭಾಗಿಸಿದರೆ 18. ಆದರೆ 1 ಕಿ.ಮೀ.ಗೂ 36 ರೂ. ಕೊಡಬೇಕು, ಅಲ್ಲಿ ಭಾಗಲಬ್ಧ 36! ಅಂದರೆ 2 ಕಿ.ಮೀ. ದಾಟಿದ ಮೇಲಷ್ಟೇ ನೇರ ಅನುಪಾತ. ಅದೂ ಯಾಕೆಂದರೆ 36 ಸರಿಯಾಗಿ 18ರ ಎರಡರಷ್ಟು. ಕನಿಷ್ಠ ದರ 40 ಎಂದುಕೊಳ್ಳಿ: 5 ಕಿ.ಮೀ.ಗೆ 94, ಹತ್ತಕ್ಕೆ 184. ಭಾಗಿಸಿದರೆ 18.8 ಮತ್ತು 18.4, ಎಷ್ಟು ದೂರ ಹೋದರೂ ಒಂದೇ ಸಂಖ್ಯೆ ಬರುವುದಿಲ್ಲ. ರಾತ್ರಿ ಒಂದೂವರೆ ಪಟ್ಟು, ಆಗ ಕೆ 27. ಸ್ಥಿರಾಂಕ ಒಂದು ಸಂದರ್ಭದೊಳಗೆ ಸ್ಥಿರ, ಎಲ್ಲ ಕಾಲಕ್ಕೂ ಅಲ್ಲ.

ಗಣಿತ ಮೇಷ್ಟ್ರು:
ಭಾಗಿಸುವುದು ನೇರ ಅನುಪಾತಕ್ಕೆ, ಗುಣಿಸುವುದು ವಿಲೋಮ ಅನುಪಾತಕ್ಕೆ, ಅಂದರೆ ಎರಡರ ಗುಣಲಬ್ಧ ಬದಲಾಗದೆ ಇರುವಾಗ. 6 ಆಳು 10 ದಿನ ಮಾಡುವ ಕೆಲಸಕ್ಕೆ ಕೆ = 60 ಆಳು-ದಿನ; 15 ಆಳಿದ್ದರೆ 60÷15 = 4 ದಿನ. ‘ಒಂದು ಏರಿದರೆ ಇನ್ನೊಂದು ಇಳಿಯುತ್ತೆ’ ಅನ್ನುವುದಷ್ಟೇ ಸಾಲದು. 20 ಪುಟದ ಪುಸ್ತಕದಲ್ಲಿ ಓದಿದ್ದು 5, ಉಳಿದದ್ದು 15. ಆಮೇಲೆ 10 ಮತ್ತು 10. ಗುಣಲಬ್ಧ 75, ನಂತರ 100. ಇಲ್ಲಿ ಸ್ಥಿರವಾಗಿರುವುದು ಮೊತ್ತ, ಹಾಗಾಗಿ ಇದು ವಿಲೋಮ ಅನುಪಾತ ಅಲ್ಲ.

ಕೆ ಪಕ್ಕದಲ್ಲಿ ಏಕಮಾನ ಬರೆಸಲೇಬೇಕು. 3 ಕೆ.ಜಿ. ಅಕ್ಕಿಗೆ 165 ರೂ. ಆದರೆ ಕೆ = 55 ರೂ. ಪ್ರತಿ ಕೆ.ಜಿ.ಗೆ. ಬರೀ 55 ಅಂತ ಬರೆದ ಮಕ್ಕಳು 500 ಗ್ರಾಂ ಬೆಲೆ ಕೇಳಿದರೆ 500×55 ಮಾಡಿ 27,500 ರೂ. ತರುತ್ತಾರೆ. ಏಕಮಾನ ಇದ್ದರೆ 0.5×55 = 27.50 ಎಂದು ತಾವೇ ಸರಿ ಮಾಡಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ಒಂದೇ ಜೋಡಿ ಕೊಟ್ಟಿದ್ದರೆ ಪರೀಕ್ಷಿಸುವುದು ಹೇಗೆ?

ಗಣಿತ ಮೇಷ್ಟ್ರು:
ಆಗುವುದಿಲ್ಲ. ಒಂದು ಜೋಡಿಗೆ ಎರಡೂ ಬಗೆಯ ಕೆ ಹೊಂದುತ್ತದೆ. ಯಾವ ಅನುಪಾತ ಎಂದು ಲೆಕ್ಕದ ಮಾತಿನಲ್ಲೇ ಇರಬೇಕು. ‘ಒಂದೇ ದರದಲ್ಲಿ’, ‘ಏಕರೂಪ ವೇಗದಲ್ಲಿ’ ಎಂಬಂಥ ಪದಗಳ ಕೆಳಗೆ ಗೆರೆ ಎಳೆಸಿ.