ಹತ್ತಿ ಬೀಜದ ಪಿಷ್ಟ ಎಲ್ಲಿಗೆ ಹೋಗುತ್ತೆ? ಸಹಾಯ ಬೇಕು

ನಮಸ್ಕಾರ. ಬೆಳೆಯುತ್ತಿರುವ ಹತ್ತಿ ಬೀಜದಲ್ಲಿ ಸಕ್ಕರೆ, ಪಿಷ್ಟ ಅಳೀತಾ ಇದ್ದೀನಿ, ಒಂದು ಕಡೆ ದಾರಿ ಕಾಣ್ತಿಲ್ಲ. ಎಳೇ ಬೀಜದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಜಾಸ್ತಿ. ಅದು ಇನ್ವರ್ಟೇಸ್ (ಸುಕ್ರೋಸ್ ಸಕ್ಕರೆಯನ್ನು ಒಡೆಯೋ ಕಿಣ್ವ) ಕೆಲಸ, ಅಲ್ಲಿವರೆಗೆ ಸರಿ. ಬೀಜ ಸೀಳಿ ಅಯೋಡಿನ್ ಹಾಕಿದರೆ ಸಿಪ್ಪೆ ಕಡುನೀಲಿ ಆಗುತ್ತೆ, ಅಂದರೆ ಪಿಷ್ಟ ಅಲ್ಲಿದೆ; ಭ್ರೂಣ ಬೆಳ್ಳಗೇ ಇರುತ್ತೆ. ಬಲಿತಂತೆ ಆ ನೀಲಿ ಮಾಸುತ್ತೆ, ಆಮೇಲೆ ಭ್ರೂಣದಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಅನ್ನೋ ಸಕ್ಕರೆ ಏರುತ್ತೆ.

ಸಿಪ್ಪೆಗೂ ಭ್ರೂಣಕ್ಕೂ ಜೀವಕೋಶಗಳ ನೇರ ಕೊಂಡಿ ಇಲ್ಲವಲ್ಲ! ಎರಡನ್ನೂ ಬಿಡಿಸಿ ಬೇರೆ ಬೇರೆ ಅಳೆದೆ, ಆದರೂ ಬಗೆಹರಿಯಲಿಲ್ಲ. ಸುಕ್ರೋಸ್ ಸಿಂಥೇಸ್ ಅನ್ನೋ ಕಿಣ್ವದ ಮೂಲಕ, ಸಿಪ್ಪೆ ಮೇಲೆ ಬೆಳೆಯೋ ನಾರಿನ ಸೆಲ್ಯುಲೋಸ್‌ಗೂ ಸಕ್ಕರೆ ಬೇಕೇ ಬೇಕು.

ಸಿಪ್ಪೆಯಲ್ಲಿ ಕರಗಿದ ಪಿಷ್ಟ ನಾರಿಗೆ ಹೋಯಿತೋ, ಭ್ರೂಣಕ್ಕೋ ಅಂತ ಬೇರ್ಪಡಿಸೋದು ಹೇಗೆ? ಎಲೆಗೆ ಕಾರ್ಬನ್-13 (ಎಲ್ಲಿ ಹೋಯಿತು ಅಂತ ಗುರುತಿಸಬಹುದಾದ ಭಾರದ ಇಂಗಾಲ) ಕೊಟ್ಟು ನೋಡೋದಾದರೆ, ಪಿಷ್ಟ ತುಂಬುವಾಗ ಕೊಡಬೇಕಾ, ಕರಗುವಾಗಲಾ? ಮಾಡಿದವರು ದಯವಿಟ್ಟು ತಿಳಿಸಿ.