ಬೆವರಿದ ಬನಿಯನ್ ಮೈಮೇಲೆ ಆರಬಾರದು

ಮಗಳೇ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಪೂಜೆ, ಅಡುಗೆ ಮುಗಿಸಿ ಈಗ ಕುಳಿತೆ. ಟೈಪ್ ಮಾಡಿದರೆ ನಾಲ್ಕೇ ಸಾಲಿಗೆ ಕಣ್ಣಲ್ಲಿ ನೀರು ಬರುತ್ತದೆ, ಅದಕ್ಕೆ ಮೈಕ್ ಒತ್ತಿ ಮಾತಾಡುತ್ತಿದ್ದೇನೆ, ಫೋನೇ ಬರೆದುಕೊಳ್ಳುತ್ತದೆ. ಉದ್ದ ಆಗುತ್ತದೆ, ಎಲ್ಲರೂ ಸ್ವಲ್ಪ ತಾಳ್ಮೆಯಿಂದ ಓದಿ.

ನೀನು ಕೇಳಿದ್ದು ಇಷ್ಟು. ಬೀದರಿನಲ್ಲಿ ಬೆಳಿಗ್ಗೆ ಥಂಡಿ, ಮಧ್ಯಾಹ್ನ ಸುಡು ಬಿಸಿಲು, ಶಾಲೆ ಬಿಡುವ ಹೊತ್ತಿಗೆ ಮಳೆ. ಹುಡುಗನಿಗೆ ಈ ತಿಂಗಳಲ್ಲಿ ಎರಡು ಸಲ ನೆಗಡಿ ಆಯಿತು, ಸ್ವೆಟರ್ ಹಾಕಿ ಕಳಿಸಲಾ ಬೇಡವಾ ಅಂತ. ಗ್ರೂಪಿನಲ್ಲಿ ಒಬ್ಬರು ದಪ್ಪ ಸ್ವೆಟರ್ ಅಂದರು, ಇನ್ನೊಬ್ಬರು ಮಫ್ಲರ್ ಅಂದರು, ನಿನ್ನ ಅತ್ತೆಯವರು ಎರಡೂ ಹಾಕು ಅಂದರು. ಹಿರಿಯರು, ಪ್ರೀತಿಯಿಂದ ಹೇಳಿದ್ದಾರೆ. ಆದರೆ ನಾನು ಬೇರೆ ಹೇಳುತ್ತೇನೆ.

ನನ್ನವ್ವ, ಥಂಡಿಗೆ ಅಷ್ಟು ಹೆದರಬೇಡ, ಬೆವರಿಗೆ ಹೆದರು. ಬೆವರಿದ ಬನಿಯನ್ ಮಗುವಿನ ಮೈಮೇಲೆ ಆರಬಾರದು.

ನಮ್ಮ ದೊಡ್ಡವನ ಸ್ವೆಟರಿನ ಕತೆ ನಿನ್ನ ಅವ್ವನಿಗೆ ಗೊತ್ತು. ನಿನಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. 1984ರ ದಸರೆ. ಅವನಿಗೆ ಆಗ ಎರಡು ವರ್ಷ ತುಂಬಿ ಎರಡು ತಿಂಗಳು. ನಿನ್ನ ದೊಡ್ಡಪ್ಪನಿಗೆ ರಜೆ ಸಿಗಲಿಲ್ಲ. ನಾನೊಬ್ಬಳೇ ಮಗುವನ್ನು ಎತ್ತಿಕೊಂಡು ಬೀದರಿಗೆ ತವರಿಗೆ ಹೊರಟೆ. ಅವ್ವ ಆಗಿನ್ನೂ ಕೋಟೆ ಕಡೆಯ ಹಳೆ ಮನೆಯಲ್ಲೇ ಇದ್ದಳು. ಈಗಿನ ಹಾಗೆ ಕಲಬುರಗಿಯಿಂದ ಬೀದರಿಗೆ ರೈಲು ಇರಲಿಲ್ಲ, ಅದು ಶುರುವಾದದ್ದೇ 2017ರಲ್ಲಿ. ಬಸ್ಸೇ ಗತಿ. ಕಮಲಾಪುರ, ಹುಮನಾಬಾದ್, ಆಮೇಲೆ ಬೀದರ್.

ಬೆಳಿಗ್ಗೆ ಆರರ ಬಸ್. ಹೊರಗೆ ತಣ್ಣಗೆ ಗಾಳಿ ಬೀಸುತ್ತಿತ್ತು. ಎರಡು ತಿಂಗಳು ಕುಳಿತು ಹೆಣೆದ ಸ್ವೆಟರ್ ತೊಡಿಸಿದೆ. ಗಿಳಿಹಸಿರು ಬಣ್ಣದ ಉಲನ್. ಎದೆಯ ಮೇಲೆ ಎರಡು ಬಾತುಕೋಳಿ ಹೆಣೆದಿದ್ದೆ. ಆ ಬಾತುಕೋಳಿ ನಡುವೆ ಸೀಳಬಾರದು ಎಂದು ಗುಂಡಿ ಬೆನ್ನಿಗೆ ಇಟ್ಟಿದ್ದೆ. ಒಳಗೆ ಟೆರಿಕಾಟ್ ಅಂಗಿ, ಅದರೊಳಗೆ ಬನಿಯನ್. ತಲೆಗೆ ಕಿವಿ ಮುಚ್ಚುವ ಟೊಪ್ಪಿಗೆ, ಕಾಲಿಗೆ ಉಲನ್ ಕಾಲುಚೀಲ. ಥಂಡಿ ಎಲ್ಲಿಂದಲೂ ಒಳಗೆ ಬರಬಾರದು ಅಂತ ನನ್ನ ಲೆಕ್ಕ.

ಕಮಲಾಪುರ ದಾಟಿದ ಮೇಲೆ ಬಸ್ ಕೆಟ್ಟು ನಿಂತಿತು. ಇನ್ನೊಂದು ಬಸ್ ಈಗ ಬರುತ್ತದೆ, ಆಗ ಬರುತ್ತದೆ ಅಂದರು. ಹನ್ನೆರಡಾದರೂ ಬರಲಿಲ್ಲ. ಮಳೆ ನಿಂತ ಮೇಲಿನ ಬಿಸಿಲು ಗೊತ್ತಲ್ಲ. ಬೇಸಿಗೆಯ ಬಿಸಿಲು ಒಣ ಬಿಸಿಲು. ಇದಕ್ಕೆ ನೆಲದ ಹಸಿಯೆಲ್ಲ ಮೇಲೆದ್ದು ಮೈ ಜಿಗಿಜಿಗಿ ಆಗುತ್ತದೆ. ತಗಡಿನ ಬಸ್ಸಿನೊಳಗೆ ನಾವೆಲ್ಲ ಬೇಯುತ್ತಿದ್ದೆವು. ಮಗು ನನ್ನ ತೊಡೆಯ ಮೇಲೆ ಮಲಗಿದ್ದ. ಮಲಗಿದ್ದಾನಲ್ಲ, ಒಳ್ಳೆಯದೇ ಆಯಿತು ಅಂದುಕೊಂಡೆ. ಸ್ವೆಟರ್ ತೆಗೆದರೆ ಎದ್ದು ಅಳುತ್ತಾನೆ ಎಂದು ತೆಗೆಯಲಿಲ್ಲ. ಅದೇ ತಪ್ಪಾಯಿತು.

ಪಕ್ಕದ ಸೀಟಿನಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಕಮಲಾಪುರದ ಕೆಂಪು ಬಾಳೆಹಣ್ಣು ಮಗುವಿಗೆ ಕೊಡೋಣ ಎಂದು ಕೈ ಚಾಚಿದಳು. ಗಲ್ಲ ಮುಟ್ಟಿದವಳೇ, "ಯವ್ವಾ, ಕೂಸು ಮಲಗಿಲ್ಲ ಇದು, ಜೋಲು ಬಿದ್ದದ" ಅಂದಳು. ನೋಡಿದರೆ ಮುಖ ಕೆಂಪಗೆ, ಕಣ್ಣು ಅರ್ಧ ತೆರೆದಿದೆ, ಕೂಗಿದರೆ ಓಗೊಡುವುದಿಲ್ಲ. ಗುಂಡಿ ಬಿಚ್ಚಲು ಹೋದೆ. ಬೆನ್ನಿಗೆ ಐದು ಗುಂಡಿ. ಬೆವರಿಗೆ ನೆನೆದ ಉಲನ್ ಗುಂಡಿಗಳನ್ನು ಕಚ್ಚಿ ಹಿಡಿದಿತ್ತು. ನನ್ನ ಕೈ ಗಡಗಡ ನಡುಗುತ್ತಿತ್ತು. ಆ ತಾಯಿ ಮಗುವನ್ನು ಬೋರಲು ಹಾಕಿಕೊಂಡು ಹಲ್ಲಿನಿಂದಲೇ ದಾರ ಕಡಿದಳು. ಮೂರು ಗುಂಡಿ ಬಸ್ಸಿನ ನೆಲದ ಮೇಲೆ ಟಣಟಣ ಉರುಳಿದವು. ಸ್ವೆಟರ್ ಎಳೆದು ತೆಗೆದಾಗ ಮಗುವಿನ ಕತ್ತಿನ ಸುತ್ತ ಹಸಿರು ಗೆರೆ ಮೂಡಿತ್ತು, ಉಲನ್ ಬಣ್ಣ ಬಿಟ್ಟು ಮೈಗೆ ಹತ್ತಿತ್ತು. ಬನಿಯನ್ ಹಿಂಡಿದರೆ ನೀರು ಇಳಿಯುತ್ತಿತ್ತು.

ಸೆರಗಿನಿಂದ ಗಾಳಿ ಹಾಕಿದೆವು. ಒದ್ದೆ ಬಟ್ಟೆಯಿಂದ ಮುಖ, ಕತ್ತು ಒರೆಸಿದೆವು. ಕಣ್ಣು ಬಿಟ್ಟ ಮೇಲೆ ಗುಟುಕು ಗುಟುಕಾಗಿ ನೀರು ಕುಡಿಸಿದೆವು. ಅವ್ವಾ ಅಂದ. ನನಗೆ ಅಷ್ಟೇ ಸಾಕಾಯಿತು. ಒದ್ದೆ ಬನಿಯನ್ ಬದಲಿಸಬೇಕು ಅಂತ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಬೇರೆ ಬನಿಯನ್ ಟ್ರಂಕಿನಲ್ಲಿತ್ತು, ಟ್ರಂಕು ಬಸ್ಸಿನ ಮೇಲಿತ್ತು.

ಹುಮನಾಬಾದ್ ಬಿಟ್ಟ ಮೇಲೆ ಆಕಾಶ ಕಪ್ಪಾಯಿತು. ಹಸ್ತ ಮಳೆ, ಕೇಳಬೇಕಾ. ಬೇರೆ ಬಸ್ಸಿನ ಕಿಟಕಿಗೆ ಗಾಜು ಸರಿಯುತ್ತಿರಲಿಲ್ಲ. ಗಾಳಿ ಬಂದು ಆ ಒದ್ದೆ ಬನಿಯನ್ ಮೇಲೆ ಬಡಿಯುತ್ತಿತ್ತು. ಬೀದರ್ ಮುಟ್ಟುವಾಗ ಮಗುವಿನ ತುಟಿ ನೀಲಿಗಟ್ಟಿ ಹಲ್ಲು ಕಟಕಟ ಅನ್ನುತ್ತಿತ್ತು. ರಾತ್ರಿಗೆ ಜ್ವರ ಏರಿತು. ಐದು ರಾತ್ರಿ ಆಸ್ಪತ್ರೆ. ಆ ವರ್ಷ ನಮ್ಮ ಮನೆಯಲ್ಲಿ ಯಾರೂ ಬನ್ನಿ ಕೊಡಲಿಲ್ಲ, ತೆಗೆದುಕೊಳ್ಳಲಿಲ್ಲ. ಡಾಕ್ಟರ್ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಜ್ವರದ ಸೋಂಕು ಎಲ್ಲಿಂದಲೋ ಹತ್ತುತ್ತದೆ, ಅದು ಬೇರೆ. ಆದರೆ ಮಗುವನ್ನು ಬಿಸಿಲಲ್ಲಿ ಬೇಯಿಸಿ ಆಮೇಲೆ ಗಾಳಿಗೆ ಆರಿಸಿದ್ದು ನೀವು." ನಾನು ಏನು ಉತ್ತರ ಕೊಡಲಿ. ಸುಮ್ನೆ ನಿಂತೆ.

ಅದಕ್ಕೇ ಮತ್ತೆ ಹೇಳುತ್ತೇನೆ, ಎಲ್ಲರೂ ಕೇಳಿಸಿಕೊಳ್ಳಿ. ಬೆವರಿದ ಬನಿಯನ್ ಮಗುವಿನ ಮೈಮೇಲೆ ಆರಬಾರದು. ಬೆವರು ಆರುವಾಗ ಮೈಯ ಬಿಸಿಯನ್ನು ಎಳೆದುಕೊಂಡೇ ಆರುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದು ಹೀಗೆಯೇ ಅಲ್ವಾ.

ಬೀದರ್ ಎಂದರೆ ನಿನಗೆ ಹೊಸದು. ನಾನು ಹುಟ್ಟಿ ಬೆಳೆದ ಊರು, ಆಮೇಲೆ ಮಕ್ಕಳಿಗೆ ಭೂಗೋಳ ಕಲಿಸಿದವಳು ನಾನು. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರ. ಬೀದರ್ 700 ಮೀಟರ್ ಹತ್ತಿರ, ಕೆಂಪು ಕಲ್ಲಿನ ಬಯಲು, ಸುತ್ತಲೂ ಗಾಳಿಗೆ ತೆರೆದು ನಿಂತ ಊರು. ಇಲ್ಲಿಗಿಂತ ಅಲ್ಲಿ ಒಂದು ಕೈ ಥಂಡಿ ಜಾಸ್ತಿಯೇ. ಮಳೆಗಾಲದಲ್ಲಿ ಮೋಡ ನೆಲಕ್ಕೆ ಕೌದಿ ಹೊದಿಸಿದ ಹಾಗೆ ಇರುತ್ತದೆ, ಹಗಲಿನ ಬಿಸಿ ರಾತ್ರಿ ಹೊರಗೆ ಹೋಗುವುದಿಲ್ಲ. ಈಗ ಮೋಡ ಸರಿಯಿತು, ಕೌದಿ ತೆಗೆದಂತಾಯಿತು. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಹಗಲು ಸೂರ್ಯ ನೇರ ಬೀಳುತ್ತಾನೆ. ಬೆಳಗಿನ ಜಾವ 20ರ ಆಸುಪಾಸು ಇದ್ದದ್ದು ಮಧ್ಯಾಹ್ನ 30 ಮುಟ್ಟುತ್ತದೆ. ಒಂದೇ ದಿನದಲ್ಲಿ ಎರಡು ಕಾಲ. ಬೆಳಗಿನ ಏಳು ಗಂಟೆಗೆ ಒಪ್ಪುವ ಬಟ್ಟೆ ಹನ್ನೆರಡಕ್ಕೆ ಒಪ್ಪುತ್ತದಾ?

ಕೌದಿ ಅಂದೆನಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಹೇಳಿಯೇ ಬಿಡುತ್ತೇನೆ. ಜೂನ್‌ನಲ್ಲಿ ಅಳಿಯನವರಿಗೆ ಬೀದರಿಗೆ ವರ್ಗ ಆದಾಗ ನಿನಗೊಂದು ಕೌದಿ ಕೊಟ್ಟೆ. ಹೋದ ತಿಂಗಳು ನಿಮ್ಮ ಮನೆಗೆ ಬಂದಾಗ ನೋಡಿದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೀಯ. ಆಗ ಏನೂ ಅನ್ನಲಿಲ್ಲ, ಅಳಿಯನವರು ಎದುರಿಗಿದ್ದರು. ಆದರೆ ವಾಪಸ್ ಬರುವಾಗ ರೈಲಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಅದು ಅಂಗಡಿಯಿಂದ ತಂದದ್ದಲ್ಲ ಮಗಳೇ. ಅವ್ವ ತೀರಿಕೊಂಡ ಮೇಲೆ ಅವಳ ಸೀರೆಗಳನ್ನು ಯಾರೂ ಮುಟ್ಟಲಿಲ್ಲ. ನಾನು ನಾಲ್ಕು ಸೀರೆ ತಂದು, ತೊಳೆದು, ಒಂದರ ಮೇಲೊಂದು ಹಾಸಿ, ಒಂದು ಚಳಿಗಾಲ ಪೂರ್ತಿ ಹೊಲಿದೆ. ಮೇಲಿನ ನೀಲಿ ಬಟ್ಟೆ ಅವಳ ಇಳಕಲ್ ಸೀರೆ, ನಿನ್ನ ತೊಟ್ಟಿಲಿನ ದಿನ ಅವಳು ಉಟ್ಟದ್ದು. ನಿನ್ನ ಅವ್ವನಿಗೆ ಕೇಳು, ಅವಳಿಗೆ ನೆನಪಿದೆ. ಪುಣೆಯ ಸೊಸೆಗೂ ಒಂದು ಕೊಟ್ಟಿದ್ದೆ. ಅದನ್ನು ಕಾರಿನ ಹಿಂದಿನ ಸೀಟಿಗೆ ಹಾಸಿದ್ದಾರೆ ಎಂದು ಫೋಟೊದಲ್ಲಿ ನೋಡಿದೆ. ನೀವೆಲ್ಲ ಆನ್‌ಲೈನ್‌ನಲ್ಲಿ ಮೆತ್ತನೆಯ ಕಂಬಳಿ ತರಿಸುತ್ತೀರಿ. ಮುಟ್ಟಿದರೆ ಬೆಣ್ಣೆಯ ಹಾಗೆ ಇರುತ್ತದೆ, ಒಪ್ಪುತ್ತೇನೆ. ಅದು ಪೂರ್ತಿ ಪಾಲಿಯೆಸ್ಟರ್. ಮಗು ಅದರೊಳಗೆ ರಾತ್ರಿಯಿಡೀ ಬೆವರುತ್ತದೆ, ಒದ್ದು ತೆಗೆಯುತ್ತದೆ, ಬೆಳಗಿನ ಜಾವ ಬೆವರಿದ ಮೈಗೆ ಗಾಳಿ ಹತ್ತುತ್ತದೆ. ನೀವು ಎದ್ದು, ಅಯ್ಯೋ ಥಂಡಿ ಹತ್ತಿತು, ಇನ್ನೂ ದಪ್ಪದ್ದು ಹೊದಿಸೋಣ ಅನ್ನುತ್ತೀರಿ. ಕೌದಿ ಹತ್ತಿಯದ್ದು, ಬೆವರು ಹೀರುತ್ತದೆ, ಮಗುವಿಗೆ ಭಾರವೂ ಆಗುವುದಿಲ್ಲ. ದಯವಿಟ್ಟು ಅಟ್ಟದಿಂದ ಇಳಿಸು. ಒಂದು ಮಧ್ಯಾಹ್ನ ಬಿಸಿಲಿಗೆ ಹಾಕಿ ಇವತ್ತು ರಾತ್ರಿಯೇ ಅವನಿಗೆ ಹೊದಿಸು. ನನ್ನ ಅವ್ವನ ಸೀರೆ ಅಟ್ಟದ ಮೇಲೆ ಇಲಿ ಪಾಲಾಗುವುದನ್ನು ನಾನು ನೋಡಲಾರೆ.

ಇರು, ಕುಕ್ಕರ್ ಕೂಗಿತು.

ಹಾಂ, ಬಂದೆ. ಸ್ವೆಟರ್ ಹಾಕಬೇಕಾ ಬೇಡವಾ ಅಂತ ಕೇಳಿದ್ದೆಯಲ್ಲ, ಅದನ್ನೇ ಹೇಳಲಿಲ್ಲ. ಹಾಕು, ಆದರೆ ತೆಳ್ಳನೆಯದು ಹಾಕು. ಮುಂದೆ ಗುಂಡಿ ಇಲ್ಲವೇ ಜಿಪ್ ಇರುವುದು, ಆರು ವರ್ಷದ ಹುಡುಗ ತಾನೇ ಬಿಚ್ಚಿಕೊಳ್ಳುವಂಥದ್ದು. ತಲೆಯ ಮೇಲಿಂದ ಎಳೆದು ಹಾಕುವುದು ಬೇಡ. ಒಳಗೆ ಹತ್ತಿ ಬನಿಯನ್, ಅದರ ಮೇಲೆ ಯೂನಿಫಾರ್ಮ್ ಅಂಗಿ, ಮೇಲೆ ಈ ತೆಳ್ಳನೆಯ ಸ್ವೆಟರ್. ಒಂದು ದಪ್ಪ ಬಟ್ಟೆಗಿಂತ ಎರಡು ತೆಳ್ಳನೆಯವು ಯಾವಾಗಲೂ ಮೇಲು, ನಡುವೆ ಗಾಳಿ ನಿಂತು ಅದೇ ಬೆಚ್ಚಗಿಡುತ್ತದೆ, ಸೆಖೆ ಆದರೆ ಒಂದು ತೆಗೆದರಾಯಿತು. ಮೊದಲ ಬೆಲ್ ಆದ ಮೇಲೆ ತೆಗೆದು ಪಾಟಿಚೀಲದಲ್ಲಿ ಇಟ್ಟುಕೋ ಅಂತ ಅವನಿಗೆ ಹೇಳಿಕೊಡು, ಕ್ಲಾಸಿನ ಮೇಡಂಗೂ ಒಂದು ಮಾತು ಹೇಳು. ಎಷ್ಟೋ ಮಕ್ಕಳು ಮೇಡಂ ಬೈಯುತ್ತಾರೆ ಎಂದು ಮಧ್ಯಾಹ್ನದವರೆಗೂ ಹಾಕಿಕೊಂಡೇ ಕುಳಿತಿರುತ್ತವೆ. ನಾನು ಕಣ್ಣಾರೆ ನೋಡಿದ್ದೇನೆ.

ಪಾಟಿಚೀಲದಲ್ಲಿ ಒಂದು ಒಣ ಬನಿಯನ್, ಒಂದು ಸಣ್ಣ ಟವೆಲ್ ಇರಲಿ. ಬಿಚ್ಚಿದ ಒದ್ದೆ ಬನಿಯನ್‌ಗೆ ಬೇರೆ ಕವರ್ ಕೊಡು, ಇಲ್ಲದಿದ್ದರೆ ಪುಸ್ತಕ ನೆನೆಯುತ್ತದೆ. ಆಟ ಆಡಿ ಬಂದ ಮೇಲೆ ಮೈ ಒರೆಸಿಕೊಂಡು ಬದಲಿಸುವುದನ್ನು ಮನೆಯಲ್ಲೇ ಎರಡು ದಿನ ಮಾಡಿಸು, ಕಲಿತುಕೊಳ್ಳುತ್ತಾನೆ. ರೇನ್‌ಕೋಟ್ ಈಗಲೇ ಎತ್ತಿಡಬೇಡ. ಅಕ್ಟೋಬರ್ ಬಂತು, ಮಳೆ ಹೋಯಿತು ಅನ್ನುವಂತಿಲ್ಲ. 2020ರಲ್ಲಿ ಭೀಮಾ ನದಿ ತುಂಬಿ ನಮ್ಮ ಕಡೆಯ ಹಳ್ಳಿಗಳಿಗೆ ನುಗ್ಗಿದ್ದು ಅಕ್ಟೋಬರ್ ನಡುವಿನಲ್ಲೇ. ಚಿತ್ತಿ ಮಳೆ, ಸ್ವಾತಿ ಮಳೆ ಇನ್ನೂ ಬಾಕಿ ಇವೆ. ಆದರೆ ರೇನ್‌ಕೋಟಿನ ಒಳಗೆ ಸ್ವೆಟರ್ ಬೇಡ, ಅದರೊಳಗೆ ಗಾಳಿ ಆಡುವುದಿಲ್ಲ.

ಮಗುವಿಗೆ ಸೆಖೆಯೋ ಚಳಿಯೋ ಎಂದು ತಿಳಿಯಬೇಕಾದರೆ ಅಂಗೈ, ಪಾದ ಮುಟ್ಟಬೇಡ. ಅವು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ, ಅದನ್ನು ನೋಡಿಯೇ ನಾನೂ ಮೋಸಹೋಗಿದ್ದು. ಕತ್ತಿನ ಹಿಂದೆ, ಅಂಗಿಯ ಒಳಗೆ ಎರಡು ಬೆರಳು ಹಾಕಿ ನೋಡು. ಬೆಚ್ಚಗೆ, ಒಣಗಿದ್ದರೆ ಸರಿ. ಜಿಗಿಜಿಗಿ ಇದ್ದರೆ ಒಂದು ಬಟ್ಟೆ ತೆಗೆ. ನೆಗಡಿಯ ಜೊತೆ ಜ್ವರ ಬಂದು ಎರಡು ದಿನಕ್ಕೂ ಇಳಿಯದಿದ್ದರೆ, ಇಲ್ಲವೇ ಉಸಿರು ಎಳೆದುಕೊಳ್ಳುವಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಗ್ರೂಪಿನಲ್ಲಿ ಕೇಳುತ್ತಾ ಕೂರಬೇಡ, ಡಾಕ್ಟರಿಗೆ ತೋರಿಸು.

ದಸರೆಗೆ ಬರುವಾಗ ಅವನ ಒಣ ಬನಿಯನ್ ಕೈಚೀಲದಲ್ಲಿ ಇರಲಿ, ದೊಡ್ಡ ಬ್ಯಾಗಿನಲ್ಲಿ ಬೇಡ. ಮತ್ತೆ ಅವನ ಎದೆಯ ಸುತ್ತಳತೆ ತೆಗೆದು ಇವತ್ತು ಸಂಜೆಯೊಳಗೆ ಕಳಿಸು. ನಾಳೆ ಸೂಪರ್ ಮಾರ್ಕೆಟ್ ಕಡೆ ಹೋಗುವವಳಿದ್ದೇನೆ, ಪೂರ್ತಿ ಹತ್ತಿಯ ಬನಿಯನ್ ಆರು ತಂದಿಡುತ್ತೇನೆ.